ಇಳಕಲ್ ಸೀರೆಗೆ ಉಪ್ಪುನೀರು: ಆ ವಾಟ್ಸಾಪ್ ಸಂದೇಶ ನಂಬಬೇಡಿ

"ಹೊಸ ಇಳಕಲ್ ಸೀರೆಯನ್ನು ರಾತ್ರಿಯಿಡೀ ಉಪ್ಪುನೀರಿನಲ್ಲಿ ನೆನೆಸಿಟ್ಟರೆ ಮತ್ತೆಂದೂ ಬಣ್ಣ ಬಿಡಲ್ಲ" ಅನ್ನುವ ಸಂದೇಶ ಬಾಗಲಕೋಟೆ ಕಡೆಯ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

ಹತ್ತಿಗೆ ಬಣ್ಣ ಹಾಕುವಾಗ ಉಪ್ಪು ಬಳಸುವುದು ನಿಜ. ನೀರಿನಲ್ಲಿರುವ ಬಣ್ಣ ನೂಲಿಗೆ ಚೆನ್ನಾಗಿ ಹಿಡಿಯಲು ಅದು ನೆರವಾಗುತ್ತದೆ. ಆದರೆ ಆ ಕೆಲಸ ಬಣ್ಣದ ಹಂಡೆಯಲ್ಲೇ ಮುಗಿದಿರುತ್ತದೆ. ನೇಯ್ದ ಸೀರೆಯಲ್ಲಿ ಉಳಿದ ಸಡಿಲ ಬಣ್ಣವನ್ನು ಅಡುಗೆಮನೆಯ ಉಪ್ಪು ಕಟ್ಟಿಹಾಕಲ್ಲ.

ನೆನೆಸುವುದರಿಂದ ಹಾನಿಯೇ ಜಾಸ್ತಿ. ಇಳಕಲ್ ಸೀರೆಯ ಒಡಲು ಸಾಮಾನ್ಯವಾಗಿ ಹತ್ತಿ. ಸೆರಗು ರೇಷ್ಮೆ ಇಲ್ಲವೇ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ. ಒಡಲಿನ ಹಾಸು ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಕೆಂಪು ಸೆರಗಿನ ನಡುವೆ ಬಿಳಿ ತೆನಿ ವಿನ್ಯಾಸ ಇರುತ್ತಲ್ವಾ, ಗಂಟೆಗಟ್ಟಲೆ ನೆನೆದರೆ ಕೆಂಪು ಅದಕ್ಕೇ ಇಳಿಯುತ್ತದೆ. ಆಮೇಲೆ ಬಿಳಿ ವಾಪಸ್ ಬರುವುದು ಕಷ್ಟ. ಆ ಆರ್ಟ್ ಸಿಲ್ಕ್ ರೇಯಾನ್ ಆಗಿದ್ದರೆ ಇನ್ನೊಂದು ತೊಂದರೆ: ಒದ್ದೆಯಾದಾಗ ಅದರ ಬಲ ತುಂಬಾ ಕುಗ್ಗುತ್ತದೆ. ಹಿಂಡಿ ತಿರುಚಿದರೆ ಎಳೆ ಹರಿಯಬಹುದು.

ಮೊದಲು ಒದ್ದೆ ಬಿಳಿ ಬಟ್ಟೆಯನ್ನು ಸೀರೆಯ ಒಳಮಗ್ಗುಲಿಗೆ ಒತ್ತಿ ನೋಡಿ. ಬಣ್ಣ ಅಂಟಿದರೆ ಡ್ರೈಕ್ಲೀನ್‌ಗೆ ಕೊಡಿ. ಶುದ್ಧ ರೇಷ್ಮೆ ಸೆರಗಿದ್ದರೂ ಅಷ್ಟೇ. ಅಂಟದಿದ್ದರೆ ತಣ್ಣೀರು, ಮೃದು ಲಿಕ್ವಿಡ್ ಸೋಪು ಸಾಕು. ಬೇರೆ ಬಟ್ಟೆ ಜೊತೆ ಬೇಡ, ಸೋಡಾ ಬೇಡವೇ ಬೇಡ. ಬೇಗ ಜಾಲಿಸಿ, ಹಿಂಡದೆ, ನೆರಳಲ್ಲಿ ಹರವಿ.