ಬ್ಲರ್ ಮಾಡುವವರು ಮರೆಯುವ ದೂರದ ಲೆಕ್ಕ

ಮದುವೆಯ ಆಲ್ಬಮ್ಮಿನಿಂದ ಹಿಡಿದು ಹುಟ್ಟುಹಬ್ಬದ ಫ್ಲೆಕ್ಸಿನವರೆಗೆ ಈಗ ಎಲ್ಲರ ಬೆನ್ನ ಹಿಂದೆಯೂ ಒಂದೇ ಬಗೆಯ ಮಂಜು ಕವಿದಿರುತ್ತದೆ. ವ್ಯಕ್ತಿಯನ್ನು ಕತ್ತರಿಸಿ ತೆಗೆದು, ಉಳಿದದ್ದಕ್ಕೆಲ್ಲ ಒಂದೇ ಅಳತೆಯ ಬ್ಲರ್ ಹಾಕಿ, ಮತ್ತೆ ಅದರ ಮೇಲೆ ಆ ವ್ಯಕ್ತಿಯನ್ನು ಅಂಟಿಸಿದ ಈ ಚಿತ್ರಗಳು ಥಿಯೇಟರಿನ ಮುಂದೆ ನಿಲ್ಲಿಸಿದ ಕಟೌಟಿನಂತೆ ಕಾಣುತ್ತವೆ. ಸಾಫ್ಟ್‌ವೇರಿನಲ್ಲಿ ಹಿನ್ನೆಲೆ ಮಸುಕು ಮಾಡುವುದಕ್ಕೆ ನನ್ನ ಆಕ್ಷೇಪವಿಲ್ಲ, ನಾನೂ ಮಾಡುತ್ತೇನೆ. ಆದರೆ ಆ ಕೆಲಸದಲ್ಲಿ ದೂರದ ಲೆಕ್ಕವೇ ಇಲ್ಲದಿರುವುದು ನನಗೆ ಸಹಿಸಲಾಗದ ಸಂಗತಿ.

ಲೆನ್ಸ್ ಮಾಡುವ ಮಸುಕಿನಲ್ಲಿ ಆ ಲೆಕ್ಕ ತಾನಾಗಿಯೇ ಇರುತ್ತದೆ. 50 ಮಿ.ಮೀ. ಲೆನ್ಸಿನ ಅಪರ್ಚರನ್ನು, ಅಂದರೆ ಬೆಳಕು ಒಳಬರುವ ಕಿಂಡಿಯನ್ನು, ಎಫ್/1.8ರಷ್ಟು ಅಗಲಕ್ಕೆ ತೆರೆದು ಮುಖಕ್ಕೆ ಫೋಕಸ್ ಮಾಡಿದರೆ ಕಣ್ಣು ಸ್ಪಷ್ಟವಾಗಿರುತ್ತದೆ, ಕಿವಿ ತುಸು ಮೆತ್ತಗಾಗುತ್ತದೆ, ಒಂದು ಮಾರು ಹಿಂದಿರುವ ಗಿಡ ಮಸುಕಾಗುತ್ತದೆ, ಅದಕ್ಕೂ ಹಿಂದಿರುವ ಗೋಡೆ ಇನ್ನಷ್ಟು ಕರಗುತ್ತದೆ. ಮೊಬೈಲಿನಲ್ಲಿ ಬೆಳಕು ಹಿಡಿಯುವ ಸೆನ್ಸರ್ ತೀರ ಚಿಕ್ಕದು, ಲೆನ್ಸಿನ ಫೋಕಲ್ ಲೆಂತ್ (ಲೆನ್ಸಿನಿಂದ ಬಿಂಬ ಮೂಡುವ ಜಾಗದವರೆಗಿನ ದೂರ) ಕೆಲವೇ ಮಿಲಿಮೀಟರ್. ಆದ್ದರಿಂದ ಅದರಲ್ಲಿ ಹತ್ತಿರದ್ದು ದೂರದ್ದು ಎರಡೂ ಹೆಚ್ಚುಕಡಿಮೆ ಒಂದೇ ಸಮ ಸ್ಪಷ್ಟವಾಗಿ ಬರುತ್ತವೆ. 2016ರ ಐಫೋನ್ 7 ಪ್ಲಸ್ ಎರಡು ಲೆನ್ಸುಗಳ ನೋಟದ ವ್ಯತ್ಯಾಸದಿಂದ ದೂರವನ್ನು ಅಂದಾಜು ಮಾಡಿ, ಹಿನ್ನೆಲೆಯನ್ನು ತಾನೇ ಮಸುಕಾಗಿಸುವ ಪೋರ್ಟ್ರೇಟ್ ಮೋಡ್ ಕೊಟ್ಟಿತು. ಮರುವರ್ಷ ಗೂಗಲ್ ಪಿಕ್ಸೆಲ್ 2 ಒಂದೇ ಹಿಂಬದಿ ಕ್ಯಾಮೆರಾದಿಂದ ಅದನ್ನು ಸಾಧಿಸಿತು. ಗಮನಿಸಬೇಕಾದದ್ದೇನೆಂದರೆ, ಆ ಎಂಜಿನಿಯರುಗಳು ಹೆಣಗಿದ್ದು ದೂರವನ್ನು ಅಳೆಯುವುದಕ್ಕಾಗಿ. ಮಸುಕು ಮಾಡುವ ವಿದ್ಯೆ ಅದಕ್ಕೆ ಎಷ್ಟೋ ವರ್ಷ ಮೊದಲೇ ಎಲ್ಲರಿಗೂ ಗೊತ್ತಿತ್ತು.

ಹಂಪಿಯ ವಿಠ್ಠಲ ದೇವಾಲಯದ ಅಂಗಳದಲ್ಲಿ ನಿಂತ ಜೋಡಿಯೊಂದರ ಚಿತ್ರವನ್ನು ಊಹಿಸಿಕೊಳ್ಳಿ. ಹಿಂದೆ ಕಲ್ಲಿನ ರಥ, ಅದಕ್ಕೂ ಹಿಂದೆ ಗೋಪುರ. ಎಡಿಟ್ ಮಾಡಿದವರು ರಥಕ್ಕೂ ಗೋಪುರಕ್ಕೂ ಆಕಾಶಕ್ಕೂ ಒಂದೇ ಪ್ರಮಾಣದ ಗಾಸಿಯನ್ ಬ್ಲರ್ ಹಾಕುತ್ತಾರೆ. ಅದಕ್ಕಿಂತ ಕೆಟ್ಟದ್ದು ಪಾದದ ಬಳಿ ಕಾಣುತ್ತದೆ: ಚಪ್ಪಲಿ ಸ್ಪಷ್ಟವಾಗಿದ್ದರೆ ಅದು ಮೆಟ್ಟಿದ ಹಾಸುಗಲ್ಲು ಪೂರ್ತಿ ಮಸುಕು, ಹಾಗಾಗಿ ಇಬ್ಬರೂ ನೆಲ ಬಿಟ್ಟು ಗಾಳಿಯಲ್ಲಿ ನಿಂತಂತಾಗುತ್ತದೆ. ಇದನ್ನು ಸರಿಪಡಿಸುವುದು ಕಷ್ಟವೇನಲ್ಲ. ಬ್ಲರ್ ಹಾಕಿದ ಲೇಯರಿನ (ಪದರದ) ಮಾಸ್ಕ್ ಮೇಲೆ, ಅಂದರೆ ಕಪ್ಪಿದ್ದಲ್ಲಿ ಬ್ಲರನ್ನು ಮರೆಮಾಡಿ ಬಿಳಿಯಿದ್ದಲ್ಲಿ ತೋರಿಸುವ ಹೊದಿಕೆಯ ಮೇಲೆ, ಪಾದದ ಸಾಲಿನಿಂದ ಮೇಲಕ್ಕೆ ಕಪ್ಪಿನಿಂದ ಬಿಳಿಗೆ ತಿರುಗುವ ಗ್ರೇಡಿಯೆಂಟ್ ಎಳೆದರೆ ನೆಲ ನಿಧಾನವಾಗಿ ಮಸುಕಾಗುತ್ತ ಹೋಗುತ್ತದೆ. ಫೋಟೊಶಾಪಿನ ಲೆನ್ಸ್ ಬ್ಲರ್‌ಗೆ ದೂರವನ್ನು ಬೂದುಬಣ್ಣದ ಛಾಯೆಗಳಲ್ಲಿ ತೋರಿಸುವ ಡೆಪ್ತ್ ಮ್ಯಾಪ್ ಒಂದನ್ನು ಕೊಟ್ಟರೆ ರಥಕ್ಕೆ ಕಡಿಮೆ, ಗೋಪುರಕ್ಕೆ ಹೆಚ್ಚು ಎಂದು ಅದೇ ಹಂಚಿಕೊಳ್ಳುತ್ತದೆ.

ಅಂಚುಗಳ ಸಮಸ್ಯೆ ಬೇರೆಯದು. ಗಾಸಿಯನ್ ಬ್ಲರ್ ಎಂದರೆ ಪ್ರತಿ ಪಿಕ್ಸೆಲ್ಲಿಗೂ ಅದರ ಸುತ್ತಲಿನವುಗಳ ತೂಕದ ಸರಾಸರಿ. ಹಿನ್ನೆಲೆಯ ಲೇಯರಿನಲ್ಲಿ ಕೆಂಪು ಸೀರೆಯ ವ್ಯಕ್ತಿಯನ್ನು ಹಾಗೆಯೇ ಬಿಟ್ಟು ಬ್ಲರ್ ಹಾಕಿದರೆ ಆ ಕೆಂಪು ಸೋರಿ, ಸೀರೆಯ ಸುತ್ತ ಪ್ರಭಾವಳಿಯಂತೆ ನಿಲ್ಲುತ್ತದೆ. ಮೊದಲು ಲೇಯರನ್ನು ನಕಲು ಮಾಡಿ, ಕೆಳಗಿನ ಲೇಯರಿನಿಂದ ವ್ಯಕ್ತಿಯನ್ನು ಅಳಿಸಿ, ಆ ಜಾಗವನ್ನು ಅಕ್ಕಪಕ್ಕದ ಹಿನ್ನೆಲೆಯಿಂದ ತುಂಬಿ, ಆಮೇಲೆ ಬ್ಲರ್ ಹಾಕಿದರೆ ಈ ಸೋರಿಕೆ ನಿಲ್ಲುತ್ತದೆ. ಉಚಿತವಾಗಿ ಸಿಗುವ ಎಡಿಟಿಂಗ್ ಸಾಫ್ಟ್‌ವೇರ್ ಆದ ಗಿಂಪ್‌ನಲ್ಲೂ ಒಂದು ಕಡೆಯದನ್ನು ಇನ್ನೊಂದು ಕಡೆಗೆ ನಕಲಿಸುವ ಕ್ಲೋನ್ ಟೂಲ್ ಮತ್ತು ಲೇಯರ್ ಮಾಸ್ಕ್ ಇಟ್ಟುಕೊಂಡು ಇಷ್ಟನ್ನೂ ಮಾಡಬಹುದು. 2018ರಲ್ಲಿ ಫೋಟೊಶಾಪಿಗೆ ಸೆಲೆಕ್ಟ್ ಸಬ್ಜೆಕ್ಟ್ ಬಂದ ಮೇಲೆ ವ್ಯಕ್ತಿಯ ಆಯ್ಕೆ ಒಂದು ಕ್ಲಿಕ್ಕಿನ ಮಾತಾಗಿದೆ ನಿಜ, ಆದರೆ ಆ ಕ್ಲಿಕ್ಕನ್ನು ನಂಬಿ ಎದ್ದು ಹೋಗುವವರ ಕೆಲಸ ನೋಡಿದ ಕೂಡಲೆ ಗೊತ್ತಾಗುತ್ತದೆ. ಮುಡಿದ ಮಲ್ಲಿಗೆ ದಂಡೆಯ ಅರ್ಧ ಮೊಗ್ಗುಗಳು ಮಂಜಿನೊಳಗೆ ಕರಗಿರುತ್ತವೆ. ಸೊಂಟದ ಮೇಲಿಟ್ಟ ಕೈಯ ಸಂದಿನಲ್ಲಿ ಹಿಂದಿನ ಗೋಡೆಯ ಇಟ್ಟಿಗೆಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಉಳಿದಿರುತ್ತವೆ. ಹಣ ಪಡೆದು ಕೆಲಸ ಮಾಡುವವರಾದರೂ ಚಿತ್ರವನ್ನು ನೂರು ಪ್ರತಿಶತಕ್ಕೆ ಹಿಗ್ಗಿಸಿ ಅಂಚಿನ ಸುತ್ತ ಒಮ್ಮೆ ಕಣ್ಣಾಡಿಸಬಾರದೇ?

ರಾತ್ರಿಯ ಚಿತ್ರಗಳಲ್ಲಿ ಮೋಸ ಇನ್ನೂ ಬೇಗ ಬಯಲಾಗುತ್ತದೆ. ಮೈಸೂರು ಅರಮನೆಯ ಮೇಲೆ ಲಕ್ಷದ ಹತ್ತಿರ ಬಲ್ಬುಗಳು ಬೆಳಗುತ್ತವೆ. ಅವುಗಳ ಮುಂದೆ ನಿಂತವರನ್ನು ದೊಡ್ಡ ಅಪರ್ಚರಿನಲ್ಲಿ ಹತ್ತಿರದಿಂದ ತೆಗೆದರೆ ಬಲ್ಬುಗಳು ಒಂದರ ಮೇಲೊಂದು ಹಾಯುವ ಹೊಳೆಯುವ ಬಿಲ್ಲೆಗಳಾಗಿ ಅರಳುತ್ತವೆ. ಅದೇ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಗಾಸಿಯನ್ ಬ್ಲರ್ ಹಾಕಿದರೆ ಮಂಕಾದ ಹಳದಿ ಮಸಿಯಷ್ಟೇ ಉಳಿಯುತ್ತದೆ. ಕಾರಣ ಸರಳ. ಸಾಮಾನ್ಯ ಜೆಪೆಗ್ ಫೈಲಿನಲ್ಲಿ ಹೊಳಪಿನ ಅಂಕಿ 255ಕ್ಕೆ ನಿಂತುಬಿಡುತ್ತದೆ. ಬಿಳಿ ಅಂಗಿಗಿಂತ ಎಷ್ಟೋ ಪಟ್ಟು ಪ್ರಖರವಾದ ಬಲ್ಬಿಗೂ ಅಷ್ಟೇ ಅಂಕಿ, ಅಂಗಿಗೂ ಅಷ್ಟೇ ಅಂಕಿ. ಹೀಗೆ ಬೆಳಕಿನ ನಿಜವಾದ ಪ್ರಮಾಣ ಕಳೆದುಹೋದ ಮೇಲೆ ಸರಾಸರಿ ತೆಗೆದರೆ ಬಲ್ಬು ಸುತ್ತಲಿನ ಕತ್ತಲೆಯಲ್ಲಿ ಸೋತುಹೋಗುತ್ತದೆ. ಕ್ಯಾಮೆರಾದಲ್ಲಾದರೋ ಅಂಕಿಯಾಗುವ ಮೊದಲೇ ಬೆಳಕು ಹರಡಿರುತ್ತದೆ. ಲೆನ್ಸ್ ಬ್ಲರ್ ಫಿಲ್ಟರಿನಲ್ಲಿ ಹೈಲೈಟುಗಳನ್ನು (ಹೊಳೆಯುವ ಭಾಗಗಳನ್ನು) ಎತ್ತಿಕೊಡುವ ಸ್ಲೈಡರ್ ಇರುವುದು ಈ ನಷ್ಟವನ್ನು ತುಸುವಾದರೂ ತುಂಬಲೆಂದೇ. ಹಾಗೆಂದು ಅದನ್ನು ಪೂರ್ತಿ ಎಳೆದರೆ ಬಿಳಿ ಅಂಗಿಯೂ ದೀಪವಾಗುತ್ತದೆ!

ಬ್ಲರ್ ಆದ ಭಾಗದಲ್ಲಿ ಚಿತ್ರದ ಕಾಳುಕಾಳು ನಾಯ್ಸ್ ಅಳಿಸಿಹೋಗಿ ಪ್ಲಾಸ್ಟಿಕ್ಕಿನ ನುಣುಪು ಬರುವುದರಿಂದ ಕೊನೆಯಲ್ಲಿ ಸ್ವಲ್ಪ ನಾಯ್ಸ್ ಸೇರಿಸಬೇಕು. ಇದು ಒಂದು ನಿಮಿಷದ ಕೆಲಸ, ಆದರೂ ಬಹಳ ಮಂದಿ ಬಿಟ್ಟುಬಿಡುತ್ತಾರೆ.

ಕೆಲವು ಕಡೆ ಮಾತ್ರ ಈ ಕೆಲಸಕ್ಕೆ ಕೈಹಾಕಲೇಬಾರದು. ಎಫ್‌ಐಎಪಿ ಮತ್ತು ಪಿಎಸ್‌ಎ ಎಂಬ ಛಾಯಾಗ್ರಹಣ ಸಂಸ್ಥೆಗಳ ಸ್ಪರ್ಧೆಗಳಲ್ಲಿ ನೇಚರ್ (ನಿಸರ್ಗ) ವಿಭಾಗದ ನಿಯಮದ ಪ್ರಕಾರ ದೃಶ್ಯದಲ್ಲಿದ್ದುದನ್ನು ಮರೆಮಾಡಲು ಎಡಿಟಿಂಗಿನಲ್ಲಿ ಬ್ಲರ್ ಮಾಡುವಂತಿಲ್ಲ. ಕಬಿನಿಯ ಚಿರತೆಯ ಹಿಂದೆ ಸಫಾರಿ ಜೀಪು ಬಂದಿದ್ದರೆ ಅದನ್ನು ಕ್ರಾಪ್ ಮಾಡಿ ತೆಗೆಯಬಹುದೇ ಹೊರತು ಮಸುಕು ಮಾಡುವಂತಿಲ್ಲ. ಮನೆಯ ಚಿತ್ರಗಳಿಗೆ ಇಂಥ ನಿಯಮವಿಲ್ಲ, ಆದರೂ ನಾನು ಅವುಗಳ ವಿಷಯದಲ್ಲಿ ಇನ್ನೂ ಬಿಗಿ. ಗೃಹಪ್ರವೇಶದ ಚಿತ್ರದಲ್ಲಿ ಬಾಗಿಲ ತೋರಣ, ಗೋಡೆಯ ಕ್ಯಾಲೆಂಡರ್, ಮೂಲೆಯಲ್ಲಿ ಕುಳಿತ ಅಜ್ಜಿ ಇವೆಲ್ಲ ಮಸುಕಾಗಿಬಿಟ್ಟರೆ ಉಳಿಯುವುದು ಯಾವ ಮನೆಯಲ್ಲಾದರೂ ತೆಗೆಯಬಹುದಾಗಿದ್ದ ಒಂದು ಮುಖ. ಬ್ಲರ್ ಮಾಡಿ ಸೇವ್ ಮಾಡಿದ ಜೆಪೆಗ್‌ನಿಂದ ಅಜ್ಜಿಯನ್ನು ಮರಳಿ ಪಡೆಯುವ ದಾರಿಯಿಲ್ಲ. ಆದ್ದರಿಂದ ಸಮಾರಂಭಕ್ಕೆ ಫೋಟೊಗ್ರಾಫರನ್ನು ಗೊತ್ತುಮಾಡುವಾಗಲೇ, ಎಡಿಟ್ ಮಾಡದ ಮೂಲ ಫೈಲುಗಳನ್ನೂ ಪೆನ್‌ಡ್ರೈವಿನಲ್ಲಿ ಕೊಡಬೇಕೆಂದು ಮಾತಾಡಿಕೊಳ್ಳಿ. ಆಲ್ಬಮ್ ಪ್ರಿಂಟಾದ ಮೇಲೆ ಕೇಳಿದರೆ ಹಾರ್ಡ್‌ಡಿಸ್ಕ್ ಖಾಲಿ ಮಾಡಿಯಾಯಿತೆಂಬ ಉತ್ತರ ಬರುವ ಸಾಧ್ಯತೆಯೇ ಹೆಚ್ಚು.