ಸಣ್ಣ ಆಂಪ್ ಹಾಕಿದರೆ ವೂಫರ್ ಸುರಕ್ಷಿತ ಅನ್ನೋದು ಸರಿಯಲ್ಲ

ಕಾರಿನ ವೂಫರ್‌ಗೆ (ಬಾಸ್ ನುಡಿಸುವ ದೊಡ್ಡ ಸ್ಪೀಕರ್) ಆಂಪ್ (ಆಂಪ್ಲಿಫೈಯರ್) ಆರಿಸುವ ಬಗ್ಗೆ ನಿಮ್ಮ ಲೇಖನ ಉಪಯುಕ್ತವಾಗಿದೆ ಸರ್. ಆದರೆ 'ವೂಫರ್‌ಗಿಂತ ಕಡಿಮೆ ವ್ಯಾಟ್‌ನ ಆಂಪ್ ಹಾಕಿದರೆ ಯಾವ ಅಪಾಯವೂ ಇಲ್ಲ' ಎಂದಿದ್ದೀರಲ್ಲ, ಆ ಮಾತನ್ನು ದಯವಿಟ್ಟು ತಿದ್ದಿ. 250 ವ್ಯಾಟ್ ಆರ್‌ಎಂಎಸ್ (ಸತತವಾಗಿ ತಡೆಯುವ ಅಥವಾ ಕೊಡುವ ಶಕ್ತಿ) ತಡೆಯುವ ನನ್ನ 12 ಇಂಚಿನ ವೂಫರ್ ಸುಟ್ಟಿದ್ದು 200 ವ್ಯಾಟ್ ಆಂಪ್‌ನಿಂದಲೇ. ಬಾಸ್ ಸಾಲದು ಅಂತ ಆಂಪ್‌ನ ಗೇನ್ (ಒಳಬರುವ ಸಿಗ್ನಲ್‌ಗೆ ಆಂಪನ್ನು ಹೊಂದಿಸುವ ತಿರುಪು) ಪೂರ್ತಿ ತಿರುಗಿಸಿ, ಬಾಸ್ ಬೂಸ್ಟ್ ಕೂಡ ಏರಿಸಿದ್ದೆ. ಆಂಪ್ ತನ್ನ ಮಿತಿ ದಾಟಿದರೆ ಸಿಗ್ನಲ್ ಅಲೆಯ ತುದಿ ಚಪ್ಪಟೆಯಾಗುತ್ತದೆ, ಆಗ ಹೊರಡುವ ಶಕ್ತಿ ಹೆಚ್ಚುಕಡಿಮೆ ದುಪ್ಪಟ್ಟಾಗಬಹುದು. ವೂಫರ್ ಒಳಗಿನ ಕಾಯಿಲ್ (ತಂತಿಸುರುಳಿ) ಕಾದು ಕರಕಲಾಗಲು ಅಷ್ಟು ಸಾಕು.

ಡಬ್ಬದ ಮೇಲಿನ '1200 ವ್ಯಾಟ್ ಮ್ಯಾಕ್ಸ್' ನೋಡಲೇಬೇಡಿ, ಆರ್‌ಎಂಎಸ್ ಮಾತ್ರ ನೋಡಿ.

ಓಮ್ (ವಿದ್ಯುತ್ತಿಗೆ ವೂಫರ್ ಒಡ್ಡುವ ತಡೆ) ಲೆಕ್ಕವನ್ನೂ ಬಿಡಿಸಿ ಹೇಳಬೇಕಿತ್ತು. 4 ಓಮ್‌ನ ಎರಡು ಕಾಯಿಲ್ ಇರುವ ವೂಫರನ್ನು ಪ್ಯಾರಲಲ್ ಜೋಡಿಸಿದರೆ 2 ಓಮ್, ಸೀರೀಸ್ ಜೋಡಿಸಿದರೆ 8 ಓಮ್. ಅಂಥ ಎರಡು ವೂಫರ್‌ಗಳನ್ನು ಪೂರ್ತಿ ಪ್ಯಾರಲಲ್ ಮಾಡಿದರೆ 1 ಓಮ್‌ಗೆ ಇಳಿಯುತ್ತದೆ. ಓಮ್ ಇಳಿದಷ್ಟೂ ಆಂಪ್‌ಗೆ ಹೊರೆ ಹೆಚ್ಚು, 2 ಓಮ್‌ವರೆಗೆ ಮಾತ್ರ ತಡೆಯುವ ಆಂಪ್ ಅದಕ್ಕೆ ಸಿಕ್ಕರೆ ಪ್ರೊಟೆಕ್ಟ್ ಲೈಟ್ ಹತ್ತಿ ನಿಲ್ಲುತ್ತದೆ, ಇಲ್ಲವೇ ಸುಟ್ಟೇ ಹೋಗುತ್ತದೆ. ಆದ್ದರಿಂದ ಮೊದಲು ವೂಫರ್ ಯಾವ ಓಮ್‌ಗೆ ಬರುತ್ತದೆ ಅಂತ ನೋಡಿ, ಆ ಓಮ್‌ನಲ್ಲಿ ಆಂಪ್ ಎಷ್ಟು ಆರ್‌ಎಂಎಸ್ ಕೊಡುತ್ತದೆ ಎಂದು ಹುಡುಕಬೇಕು.

ಗೇನ್ ಎಂದರೆ ವಾಲ್ಯೂಮ್ ಅಲ್ಲ. ಈಗ ನಾನು ವೂಫರ್ ವೈರ್ ಬಿಚ್ಚಿಟ್ಟು, 50 ಹರ್ಟ್ಸ್‌ನ ಪರೀಕ್ಷಾ ಟೋನ್ ಹಾಕಿ, ಆಂಪ್‌ನಿಂದ ಹೊರಬರುವ ವೋಲ್ಟನ್ನು ಮಲ್ಟಿಮೀಟರ್‌ನಲ್ಲಿ ಅಳೆದೇ ಗೇನ್ ಇಡುತ್ತೇನೆ. 2 ಓಮ್‌ಗೆ 300 ವ್ಯಾಟ್ ಬೇಕಾದರೆ ಸುಮಾರು 24.5 ವೋಲ್ಟ್ ಎಸಿ ಬರಬೇಕು. ಇನ್ನೊಂದು, ಆಂಪ್‌ಗೆ ಹೋಗುವ ವೈರ್‌ನಲ್ಲಿ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಅಂಗಡಿಯವರು ಅದನ್ನು ಡಿಕ್ಕಿಯಲ್ಲಿ ಹಾಕಿದ್ದರೆ ಇವತ್ತೇ ಬದಲಾಯಿಸಿಕೊಳ್ಳಿ.