ಸತ್ಯಾಂಶ: ‘ನಾಗರಹಾವೆ’ ಜನಪದ ಹಾಡಲ್ಲ, ಬರೆದವರು ಪಂಜೆ ಮಾಸ್ತರು

ಪಂಚಮಿ ಬಂತೆಂದರೆ ಕಲಬುರಗಿಯ ವಾಟ್ಸಾಪ್ ಗುಂಪುಗಳಲ್ಲಿ ‘ನಾಗರಹಾವೆ, ಹಾವೊಳು ಹೂವೆ’ ಪದ್ಯ ಓಡಾಡುತ್ತದೆ. ಕೆಳಗೆ ‘ಜನಪದ ಗೀತೆ, ಕವಿ ಯಾರೋ ಗೊತ್ತಿಲ್ಲ’ ಎಂಬ ಸಾಲು. ಇದು ತಪ್ಪು.

ಬರೆದವರು ಪಂಜೆ ಮಂಗೇಶರಾಯರು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು. ಮಾಸ್ತರಿಕೆ ಮಾಡಿದರು, ಶಾಲಾ ಇನ್‌ಸ್ಪೆಕ್ಟರ್ ಆದರು. ಕನ್ನಡದಲ್ಲಿ ಮಕ್ಕಳಿಗೆಂದೇ ಬರೆದ ಮೊದಲಿಗರಲ್ಲಿ ಒಬ್ಬರು. ‘ಕವಿಶಿಷ್ಯ’ ಎಂಬ ಹೆಸರಲ್ಲೂ ಬರೆಯುತ್ತಿದ್ದರು. ಪದ್ಯ ಬಾಯಿಂದ ಬಾಯಿಗೆ ಹೋಯಿತು, ಹೆಸರು ಹಿಂದೆ ಉಳಿಯಿತು. ಸಂದೇಶ ಕಳಿಸುವಾಗ ‘ಜನಪದ’ ತೆಗೆದು ಅವರ ಹೆಸರು ಹಾಕಿ, ಅಷ್ಟೇ ಸಾಕು.

ಪದ್ಯದ ಕಟ್ಟು ಸ್ವಲ್ಪ ನೋಡಿ. ಮೊದಲ ನುಡಿ ‘ಬಾ ಬಾ’ ಎಂದು ಮುಗಿಯುತ್ತದೆ, ಕೊನೆಯದು ‘ಪೋ ಪೋ’ ಎಂದು. ಕೈಮುಗಿದು, ಹಾಲು ಕೊಡ್ತೀನಿ ಎಂದು ಕರೆದ ಮಗುವೇ ಕಡೆಗೆ ಹೊರಗೆ ಹೋಗು ಎನ್ನುತ್ತದೆ. ನೋಡುವ ಆಸೆಯೂ ಇದೆ, ಅಂಜಿಕೆಯೂ ಇದೆ. ಮಕ್ಕಳು ಹೀಗೇ ಅಲ್ವಾ? ತರಗತಿಯಲ್ಲಿ ಅವರ ಮುಖ ನೋಡುತ್ತಾ ಕಲಿಸಿದವರ ಕೈಯಿಂದಲೇ ಇಂಥದ್ದು ಬರುವುದು. (ಹಾವು ಹಾಲು ಕುಡಿಯುವ ಪ್ರಾಣಿಯಲ್ಲ, ಅದು ಬೇರೆ ಮಾತು. ಹುತ್ತಕ್ಕೆ ಸುಮ್ನೆ ಹಾಲು ಸುರಿಯಬೇಡಿ.)

ಪಂಜೆಯವರು ಕರಾವಳಿಯವರು, ನಮ್ಮ ಭಾಗಕ್ಕೆ ದೂರದವರು ಎನ್ನುವುದೂ ಪೂರ್ತಿ ಸರಿಯಲ್ಲ. 1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆಗ ರಾಯಚೂರು, ಕಲಬುರಗಿ, ಬೀದರ್ ಎಲ್ಲ ನಿಜಾಮರ ಆಡಳಿತದಲ್ಲಿದ್ದವು, ಕನ್ನಡಕ್ಕೆ ಜಾಗ ಕಡಿಮೆಯಿತ್ತು. 1937ರಲ್ಲಿ ಅವರು ತೀರಿಕೊಂಡದ್ದೂ ಹೈದರಾಬಾದಿನಲ್ಲೇ.